ಒಲೆಗೆ ಬಿದ್ದ ಹೀರೆಬೀಜ

ಜೋಳವೆಲ್ಲ ನಿಜಾಮರ ಲೆವಿ ವಸೂಲಿಗೆ ಹೋಗುತ್ತಿದ್ದ ವರ್ಷಗಳವು. ಅಳವಂಡಿಯಲ್ಲಿ ಜ್ವರ ಬಿಟ್ಟವರಿಗೆ ಪಕ್ಕೀರವ್ವನ ಹಿತ್ತಲ ಹೀರೆಕಾಯಿಯೇ ಪಥ್ಯ. ಕಾಯಿ ಕೇಳಿದವರಿಗೆಲ್ಲ ಕೊಟ್ಟಳು. ತವರಿನಿಂದ ತಂದ ಆ ತಳಿಯ ಬೀಜ ಮಾತ್ರ ಯಾರಿಗೂ ಕೊಟ್ಟವಳಲ್ಲ. ಹುಳ ಹಿಡಿಯಬಾರದೆಂದು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿದಿಡುತ್ತಿದ್ದಳು. ಹೊಸ ಸೊಸೆ ಅದನ್ನು ಉರಿಸುವ ಬೆರಣಿ ಕುಳ್ಳೆಂದು ತಿಳಿದು ಒಲೆಗೆ ಹಾಕಿಬಿಟ್ಟಳು.

ಪಕ್ಕೀರವ್ವ ಬಾಯಿಗೆ ಬಂದಂತೆ ಬೈದಳು.

ಮೊದಲ ಮಳೆ ಬಿದ್ದ ಮುಂಜಾನೆ ನೆರೆಮನೆಯ ಹೊಳಿಯಮ್ಮ ಬಂದಳು. ಬೀಜಕ್ಕೆ ಬಿಟ್ಟಿದ್ದ ಕಾಯಿ ಕದ್ದಳೆಂದು ಪಕ್ಕೀರವ್ವ ಅವಳೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಹೊಳಿಯಮ್ಮ ಸೆರಗಿನ ಗಂಟು ಬಿಚ್ಚಿ ಕರಿ ಬೀಜ ಸುರಿದಳು.

"ತಗೋರಿ ಯಕ್ಕಾ. ಅವತ್ತು ನಾ ಕದ್ದ ಕಾಯಿಯ ವಂಶಾನ ಇದು."

ಪಕ್ಕೀರವ್ವ ಬೀಜವನ್ನು ಬೊಗಸೆಗೆ ತುಂಬಿಕೊಂಡಳು. ಅರ್ಧ ತೆಗೆದು ಸೊಸೆಯ ಕೈಗಿಟ್ಟಳು.

"ಓಣಿಯವರಿಗೆಲ್ಲ ಹಂಚಿ ಬಾ. ಮುಂದ ನೀ ಏನ್ ಸುಡ್ತಿಯೋ ಯಾರಿಗ್ಗೊತ್ತು!"