ಗೆದ್ದದ್ದನ್ನೇ ಕೊಯ್ಯುವವರು

ಮುರಿದುಹೋದ ಭಾಗಗಳನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ರೇಸ್ ಮುಗಿಸಿ ಕಾರು ಕಾರ್ಖಾನೆಗೆ ಮರಳಿದ ಮೇಲೆ, ಎಲ್ಲಕ್ಕಿಂತ ಚೆನ್ನಾಗಿ ದುಡಿದ, ಮೈಮೇಲೆ ಒಂದು ಗೀರೂ ಇಲ್ಲದ ಭಾಗ ಯಾವುದೆಂದು ಮೆಕ್ಯಾನಿಕ್‌ಗಳನ್ನು ವಿಚಾರಿಸಿ, ಅದನ್ನೇ ಬಿಚ್ಚಿಸಿ, ಬೆಂಚಿನ ಮೇಲೆ ಬಿಗಿಸಿ, ಗರಗಸದಿಂದ ಉದ್ದಕ್ಕೆ ಸೀಳುತ್ತಿದ್ದರು. "ಮುರಿದಿದ್ದು ತಾನಾಗೇ ಬಾಯಿ ಬಿಡುತ್ತೆ ಕಣಯ್ಯ. ಸುಮ್ಮನೆ ಕೂತಿರುತ್ತಲ್ಲ, ಅದನ್ನ ಕೇಳಬೇಕು" ಎನ್ನುವುದು ಅವರ ವಿವರಣೆ. ಕೆಲಸಕ್ಕೆ ಸೇರಿದ ವಾರವೇ ನಾನು ಈ ದೃಶ್ಯ ಕಂಡೆ. ಸವೆದ ಗುದ್ದಲಿಗೂ ಹೊಸ ಕಾವು ಹಾಕಿ ಇನ್ನೊಂದು ತಲೆಮಾರು ಬಳಸುವ ಮನೆಯಿಂದ, ಆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿ ಬಂದವನಿಗೆ, ಹೊಳಪು ಮಾಸದ ವಸ್ತುವನ್ನು ಹೀಗೆ ಸೀಳುವುದು ಪಾಪದ ಕೆಲಸದಂತೆಯೇ ಕಂಡಿತ್ತು.

ಅವರು ನಮ್ಮ ರೇಸ್ ಕಾರಿನ ಮುಖ್ಯ ವಿನ್ಯಾಸಕಾರರು. ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು 'ಗರಗಸ' ಎಂದೇ. ಅದು ಅವರಿಗೂ ಗೊತ್ತಿತ್ತು. ಫೋನ್ ಎತ್ತಿ ಗಂಭೀರವಾಗಿ "ಗರಗಸ ಮಾತಾಡ್ತಿದೀನಿ, ಹೇಳಿ" ಎಂದು ಎಷ್ಟೋ ಅಪರಿಚಿತರನ್ನು ಗಾಬರಿಪಡಿಸಿದ್ದಾರೆ. ಎಡ ಹೆಗಲನ್ನು ಮುಂದಿಟ್ಟು, ಇಲ್ಲದ ಗಾಳಿಯನ್ನು ಸೀಳಿಕೊಂಡು ಹೋಗುವವರಂತೆ ಓರೆಯಾಗಿ ನಡೆಯುತ್ತಿದ್ದರು. ಅವರ ಬೂದು ಬಣ್ಣದ ಕೋಟಿನ ಬಲತೋಳು ವರ್ಷಗಟ್ಟಲೆ ಅಂಟು ಕುಡಿದು ಹಲಗೆಯಂತೆ ಸೆಟೆದುಕೊಂಡಿದ್ದರಿಂದ, ಆ ಕೈ ಸದಾ ಯಾರಿಗೋ ದಾರಿ ತೋರಿಸುತ್ತಿರುವಂತೆ ಕಾಣುತ್ತಿತ್ತು.

ಅವರನ್ನು ಮುಖಕ್ಕೆ ಮುಖ ಕೊಟ್ಟು ಹಂಗಿಸುವ ಧೈರ್ಯವಿದ್ದುದು ಒಬ್ಬಳಿಗೆ ಮಾತ್ರ: ನಮ್ಮ ಚಾಲಕಿಗೆ. ಆಕೆ ಅವರ ಅಕ್ಕನ ಮಗಳು. "ಮಾಮ, ಈ ಕೋಟನ್ನೂ ಒಂದ್ಸಲ ಕೊಯ್ದು ನೋಡು. ಒಳಗೆ ಮನುಷ್ಯ ಇದಾನೋ ಇಲ್ವೋ ಗೊತ್ತಾಗ್ಲಿ" ಎಂದು ಎಲ್ಲರೆದುರೇ ಅನ್ನುತ್ತಿದ್ದಳು. ಅವರು ಕನ್ನಡಕದ ಮೇಲಿಂದ ನೋಡಿ, "ಮೊದಲು ನೀನು ಬ್ರೇಕನ್ನ ಸರಿಯಾಗಿ ಒತ್ತು, ಆಮೇಲೆ ಬಾಯಿ ಮಾಡು" ಎನ್ನುತ್ತಿದ್ದರು.

ಕಾರು ರೂಪುಗೊಳ್ಳಲು ಎರಡು ವರ್ಷ ಹಿಡಿಯಿತು. ಗಾಳಿಸುರಂಗದಲ್ಲಿ ಅದರ ಪುಟ್ಟ ಮಾದರಿಯ ಮೇಲೆ ಗಾಳಿ ಹಾಯಿಸಿ, ಮೂತಿಯನ್ನು ಕೂದಲೆಳೆಯಷ್ಟು ತಗ್ಗಿಸಿ, ಮತ್ತೆ ಏರಿಸಿ, ನಮ್ಮ ಕಣ್ಣು ಬಾಡಿಹೋಗಿದ್ದವು. ಇಷ್ಟೆಲ್ಲ ಆಗಿ, ಪತ್ರಕರ್ತರೆಲ್ಲ ಸೇರಿದ್ದ ಮೊದಲ ಓಟದ ದಿನ, ಕಾರು ಗ್ಯಾರೇಜಿನಿಂದ ಹೊರಬಂದು, ಟ್ರ್ಯಾಕಿನ ಬಾಯಿಯವರೆಗೆ ಉರುಳಿ, ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ನಾವು ತಳ್ಳಿಕೊಂಡು ಬರುವಾಗ ಪಕ್ಕದ ತಂಡದವನೊಬ್ಬ, "ಏನಪ್ಪಾ, ಹುಲ್ಲು ಹಾಕಿಲ್ವಾ ಬೆಳಿಗ್ಗೆ?" ಎಂದು ಕೂಗಿದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ಮಾತ್ರ ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಸರಣಿಯ ಆರಂಭದ ರೇಸುಗಳಲ್ಲಿ ಒಮ್ಮೆ ಹೊಗೆ, ಒಮ್ಮೆ ಗೇರು, ಒಮ್ಮೆ ತಿರುವಿನ ಅಂಚಿಗೆ ಬಡಿದು ಮುಂದಿನ ಚಕ್ರದ ಸರಳು ಕೈಕೊಟ್ಟಿತು. ಚಕ್ರವನ್ನು ಕಾರಿಗೆ ಹಿಡಿದಿಡುವ, ಪದರದ ಮೇಲೆ ಪದರ ಅಂಟಿಸಿ ಒಲೆಯಲ್ಲಿ ಬೇಯಿಸಿ ಮಾಡುವ ಆ ಕಾರ್ಬನ್ ಸರಳುಗಳು ಎಷ್ಟು ಮಾಡಿದರೂ ಸಾಲದಾದವು. ಆದರೂ ಕಾರು ನಿಧಾನವಾಗಿ ಪಳಗಿತು; ಹತ್ತನೆಯ ಸ್ಥಾನ, ಏಳನೆಯದು, ಕೊನೆಗೆ, ಇನ್ನೊಂದೇ ರೇಸ್ ಉಳಿದಿರುವಾಗ, ಮೂರನೆಯದು! ನಮ್ಮ ಚಾಲಕಿ ವೇದಿಕೆಯ ಮೇಲೆ ನಿಂತು ಅಳುತ್ತಿದ್ದಳು, ಕೆಳಗೆ ನಾವು ಅಳುತ್ತಿದ್ದೆವು. ಕೊನೆಯ ರೇಸಿನಲ್ಲಿ ಕಾರು ಓಡಿದರೆ ಸಾಕಿತ್ತು, ಮುಂದಿನ ವರ್ಷದ ಪ್ರವೇಶ ಖಾತ್ರಿ. ಓಡದಿದ್ದರೆ ಹೊಸ ತಂಡವನ್ನು ಸರಣಿಯಿಂದ ಕೈಬಿಡುವುದು ಅಲ್ಲಿಯ ನಿಯಮ.

ಮಾಲೀಕರು ಸಂಭ್ರಮದಲ್ಲಿ ಆಜ್ಞೆ ಹೊರಡಿಸಿದರು: ಆ ಕಾರಿನ ಮುಂದಿನ ಎಡ ಸರಳನ್ನು ಕಾರ್ಖಾನೆಯ ಮುಂಬಾಗಿಲ ಗೋಡೆಗೆ ತೂಗುಹಾಕಬೇಕು. ಆ ಸಲ ಕೊಯ್ಯಲು ಅವರು ಆರಿಸಿದ್ದುದೂ ಅದೇ ಸರಳು.

"ಮಾಮ, ಇದೊಂದನ್ನ ಬಿಟ್ಟುಬಿಡು. ನನಗೋಸ್ಕರ" ಎಂದಳು ಅಕ್ಕನ ಮಗಳು.

ಅವರು ಸರಳನ್ನು ಕಂಕುಳಲ್ಲಿ ಇರುಕಿಕೊಂಡು, "ಗೋಡೆಗೆ ನಾನೇ ಹಾಕ್ತೀನಿ ಬಿಡು" ಎಂದರು. ಗರಗಸ ಕೊನೆಗೂ ಕರಗಿತೆಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮರುದಿನ ಇಡೀ ಕಾರ್ಖಾನೆ ಮುಂಬಾಗಿಲಲ್ಲಿ ಸೇರಿತ್ತು. ಗೋಡೆಯ ಮೇಲೆ ನೀಲಿ ಬಟ್ಟೆ. ಮಾಲೀಕರು ನಾಲ್ಕು ಮಾತಾಡಿ ಬಟ್ಟೆ ಎಳೆದರು.

ಎರಡು ಹೋಳು. ಒಳಮೈ ನಮ್ಮತ್ತ ಮಾಡಿ, ಅಕ್ಕಪಕ್ಕದಲ್ಲಿ, ನೀಟಾಗಿ ತೂಗುಹಾಕಿದ್ದರು.

ನನಗೆ ಮೊದಲು ಬಂದದ್ದು ಕೋಪ. ಆಮೇಲೆ ಹತ್ತಿರ ಹೋಗಿ ನೋಡಿದೆ. ಸರಳಿನೊಳಗೆ ಕಾರ್ಬನ್ ಪದರಗಳು ಹಳೆಯ ಈರುಳ್ಳಿಯ ಹಾಗೆ ಒಂದನ್ನೊಂದು ಬಿಟ್ಟುಕೊಂಡಿದ್ದವು. ಉದ್ದಕ್ಕೂ ಕಪ್ಪು ಬಿರುಕು. ತುದಿಯಲ್ಲಿ ಉಗುರಿನಷ್ಟು ಜಾಗ ಮಾತ್ರ ಅಂಟಿಕೊಂಡಿತ್ತು. ಮೇಲ್ಮೈಯಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳಪು. ತಪಾಸಣೆಯ ಯಂತ್ರವೂ ಅದನ್ನು ಸರಿಯಿದೆ ಎಂದಿತ್ತು.

"ಇದರ ಮೇಲೆ ಕೂತು ಇವಳು ಮೂರನೆಯವಳಾಗಿ ಬಂದ್ಲು" ಎಂದರು ಅವರು. "ಸರಳು ಸಾಲ್ತಿಲ್ಲ ಅಂತ ಒಲೆಯಲ್ಲಿ ಬೇಯೋ ಹೊತ್ತನ್ನ ಕಮ್ಮಿ ಮಾಡಿಸ್ದೆ. ಬೇಡ ಅಂದ್ರು ಹುಡುಗರು, ನಾನು ಕೇಳ್ಲಿಲ್ಲ. ಈಗಿರೋವೆಲ್ಲ ಹಂಗೇ ಬೆಂದಿರೋವು. ಹೊಸದಾಗಿ ಸರಿಯಾಗಿ ಬೇಯಿಸೋಕೆ ರೇಸಿಗೆ ಮುಂಚೆ ಆಗಲ್ಲ. ಕಾರು ಹೋಗಲ್ಲ."

ಮಾಲೀಕರ ಮುಖ ಸುಣ್ಣವಾಯಿತು. "ಒಂದೇ ಒಂದು ರೇಸು, ಸ್ವಾಮಿ! ನಿಧಾನಕ್ಕೆ ಓಡಿಸಿದ್ರೆ?"

"ನಿಧಾನಕ್ಕೆ ಓಡಿಸೋಳನ್ನ ಎಲ್ಲಿಂದ ತರ್ತೀರಿ?"

ಆಗ ಅವಳು ಮುಂದೆ ಬಂದಳು. ಕಣ್ಣು ಕೆಂಪಾಗಿದ್ದವು. "ಹೋಗೋಳು ನಾನು. ನನ್ನನ್ನ ಕೇಳಿದ್ಯಾ? ಏಳು ವರ್ಷದವಳಿದ್ದಾಗಿಂದ ಇದಕ್ಕೇ ಕಾದಿದೀನಿ. ನಾನು ಹೋಗ್ತೀನಿ. ಮಾಮ ಅಂತ ಅಡ್ಡ ಬರ್ಬೇಡ."

"ಬರೀ ಮಾಮ ಆಗಿದ್ರೆ," ಅವರು ಕನ್ನಡಕ ತೆಗೆದು ಅವಳತ್ತ ತಿರುಗಿದರು, "ನಿನ್ನನ್ನ ಯಾವತ್ತೂ ಆ ಕಾರೊಳಗೆ ಕೂರಿಸ್ತಾನೇ ಇರಲಿಲ್ಲ ಕಣೇ."

ಕೊನೆಯ ರೇಸನ್ನು ನಾವು ಕಾರ್ಖಾನೆಯ ಊಟದ ಕೋಣೆಯಲ್ಲಿ, ಟಿವಿಯಲ್ಲಿ ನೋಡಿದೆವು. ಓಟ ಶುರುವೆಂದು ಕೆಂಪು ದೀಪಗಳು ಆರಿದವು, ನಮ್ಮ ಜಾಗ ಖಾಲಿ ಬಿಟ್ಟು ಉಳಿದ ಕಾರುಗಳೆಲ್ಲ ಹೊರಟುಹೋದವು. ಅವಳು ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದಳು. ಅವರು ಎರಡು ಲೋಟ ಚಹಾ ತಂದು ಒಂದನ್ನು ಅವಳ ಪಕ್ಕದಲ್ಲಿಟ್ಟರು. ಅದು ಕೆನೆಗಟ್ಟಿ ಆರಿತು. ತಂಡವನ್ನು ಕೈಬಿಟ್ಟ ಸುದ್ದಿ ಆ ವಾರವೇ ಬಂತು. ಮಾಲೀಕರು ಕಾರ್ಖಾನೆ ಮುಚ್ಚಿದರು. ಅವಳು ಬೇರೆ ತಂಡ ಸೇರಿದಳು. ಮಾಮನ ಜೊತೆ ಇಂದಿಗೂ ಮಾತಿಲ್ಲವಂತೆ.

ಗೋಡೆಯ ಬಟ್ಟೆ ಎಳೆದ ಆ ದಿನದ ದಿಗಿಲು ನನ್ನನ್ನು ಇನ್ನೂ ಬಿಟ್ಟಿಲ್ಲ. ನಾವು ಚಪ್ಪಾಳೆ ತಟ್ಟಿದ್ದು ಉಗುರಿನಗಲದ ಅಂಟಿಗೆ ಎಂಬುದು ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ತಾವು ಮಾಡಿದ್ದನ್ನು ಯಾರಾದರೂ ಹೊಗಳಿದೊಡನೆ ಅದರತ್ತ ನೋಡುವುದನ್ನು ನಿಲ್ಲಿಸುತ್ತೇವೆ. ಅವರಂಥವರು ಆಗಲೇ ನೋಡಲು ತೊಡಗುತ್ತಾರೆ. ತಮ್ಮ ತಪ್ಪು ಸಿಕ್ಕಿದರೆ ಅದನ್ನು ಎಲ್ಲರ ಕಣ್ಣಿಗೆ ಬೀಳುವ ಎತ್ತರದಲ್ಲಿ ತೂಗುಹಾಕುತ್ತಾರೆ. ಅವರಿಗೆ ಯಾರೂ ಕೃತಜ್ಞರಾಗಿರುವುದಿಲ್ಲ, ಏಕೆಂದರೆ ನಡೆಯದೇ ಹೋದ ಅನಾಹುತವನ್ನು ಯಾರೂ ಕಂಡಿರುವುದಿಲ್ಲ. ಕಂಡದ್ದು ಕಳೆದುಹೋದ ಕನಸನ್ನಷ್ಟೇ. ಇಂಥವರು ತಾವು ಪ್ರೀತಿಸಿದವರ ಮುನಿಸನ್ನು ಹೊತ್ತುಕೊಂಡೇ ಬದುಕುತ್ತಾರೆ, ಮುನಿಯಲು ಅವರು ಜೀವಂತ ಉಳಿದಿದ್ದಾರಲ್ಲ ಎಂಬ ನೆಮ್ಮದಿಯಲ್ಲಿ.