ಕ್ವಾರಿ ನೀರಿಗಿಳಿದ ಮೋಟಾರ್

ನಾನು ಒಂದು ಮೋಟಾರ್. ಮುಷ್ಟಿಯಲ್ಲಿ ಹಿಡಿಯುವಷ್ಟೇ ಗಾತ್ರ. ರಿಮೋಟಿನಿಂದ ಓಡಿಸುವ ಪುಟ್ಟ ದೋಣಿಗಳ ಹೊಟ್ಟೆಯಲ್ಲಿ ಕೂತು ಪಂಖ ತಿರುಗಿಸುವುದು ನನ್ನ ಕೆಲಸ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ನನ್ನ ಕಬ್ಬಿಣದ ಹಲ್ಲುಗಳಿಗೆ ತಾಮ್ರದ ತಂತಿ ಸುತ್ತಿದ ಹೆಣ್ಣುಮಗಳು ಸುತ್ತುಗಳನ್ನು ಹೆಚ್ಚಾಗಿಯೇ ಬಿಗಿದಳು. ಸುತ್ತು ಕಡಿಮೆಯಿದ್ದ ನನ್ನ ಅಣ್ಣತಮ್ಮಂದಿರು ವೇಗದ ದೋಣಿಗಳಿಗೆ ಹೋದರು. ನಾನು ನಿಧಾನಕ್ಕೆ ತಿರುಗುವವನು, ಆದರೆ ಭಾರ ಎಳೆಯುವವನು. ಅದು ನನ್ನ ಮೈಮೇಲೆ ಸಣ್ಣ ಅಂಕಿಗಳಲ್ಲಿ ಅಚ್ಚಾಗಿತ್ತು.

ನನ್ನನ್ನು ಮೊದಲು ಕೊಂಡವನು ಇಳಕಲ್ಲಿನ ವೆಂಕನಗೌಡ. ಊರಾಚೆಯ ಗ್ರಾನೈಟ್ ಕ್ವಾರಿಯಲ್ಲಿ ಅವನ ಕ್ರೇನ್ ನಡೆಯುತ್ತಿತ್ತು. ಕಲ್ಲು ತೆಗೆದು ಆಳವಾದ ಹೊಂಡದ ತಳದಲ್ಲಿ ಯಾವಾಗಲೂ ನೀರು. ರವಿವಾರ ಕೆಲಸವಿಲ್ಲದಾಗ ಗೌಡ, ಅವನ ಗೆಳೆಯರು ಅಲ್ಲಿ ದೋಣಿಗಳ ಪಂದ್ಯ ಇಡುತ್ತಿದ್ದರು. ಸೋಲು ಅವನಿಗೆ ಆಗಿಬರುತ್ತಿರಲಿಲ್ಲ. ಒಂದು ಸಲ ಸೋತವನೇ, ಗೆದ್ದವನ ದೋಣಿಯನ್ನು ಬೂಟುಗಾಲಲ್ಲಿ ತುಳಿದು ಚೂರು ಮಾಡಿದ್ದನಂತೆ.

ವೈರು ಬೆಸುಗೆ ಹಾಕಿಸಿಕೊಳ್ಳಲು ಅವನು ನನ್ನನ್ನು ಕಾಶಿಬಾಯಿ ಪತ್ತಾರಳ ಅಂಗಡಿಗೆ ತಂದ. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅದು. ಕಾಶಿಬಾಯಿ ಕನ್ನಡಕ ಏರಿಸಿ ನನ್ನ ಅಂಕಿ ಓದಿದಳು. ಇದು ಓಟದ ಮೋಟಾರಲ್ಲ, ಅಗಲ ದೋಣಿಗೆ ದೊಡ್ಡ ಪಂಖ ಕಟ್ಟಿ ಎಳೆಯುವಂಥದ್ದು ಎಂದಳು. ಅವನು ತಂದಿದ್ದ ಬ್ಯಾಟರಿಯನ್ನೂ ನೋಡಿ, ಇದು ಒಮ್ಮೆಲೇ ಅಷ್ಟು ಕರೆಂಟು ಕೊಡಲಾರದು, ಬಲವಂತ ಮಾಡಿದರೆ ಉಬ್ಬಿ ಹೊತ್ತಿಕೊಳ್ಳುತ್ತದೆ ಎಂದಳು. ಹೆಂಗಸಿನಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಗೌಡನ ಮುಖ ಗಂಟಾಯಿತು.

ಅವನು ಅಂಥವೇ ಎರಡು ಬ್ಯಾಟರಿಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿ, ನನಗೆ ಮೀರಿದ ಪಂಖ ತೊಡಿಸಿ ನೀರಿಗೆ ಬಿಟ್ಟ. ಅಷ್ಟು ಜೋರಾಗಿ ನಾನು ಎಂದೂ ತಿರುಗಿರಲಿಲ್ಲ. ತಂತಿಯ ಮೇಲಿನ ಲೇಪ ಕರಗಿ ಹೊಗೆಯಾಯಿತು. ದಂಡೆ ಮುಟ್ಟುವ ಹೊತ್ತಿಗೆ ಪಕ್ಕದ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿತ್ತು. ಗೌಡ ಮುಚ್ಚಳ ತೆಗೆದು ಕೈ ಹಾಕಿದ. ಅದು ಸಿಡಿಯಿತು. ಬೆಂಕಿ ಅವನ ಬಲಗೈಗೆ ಮೆತ್ತಿಕೊಂಡಿತು. ನೀರಿನಲ್ಲಿ ಅದ್ದಿ ತೆಗೆದಾಗ ಅಂಗೈ ಚರ್ಮ ಜೋತುಬಿದ್ದಿತ್ತು. ಗೆಳೆಯರಲ್ಲಿ ಯಾರೋ ನಕ್ಕರು.

ಆ ನಗು ಅವನನ್ನು ಬೆಂಕಿಗಿಂತ ಹೆಚ್ಚು ಸುಟ್ಟಿರಬೇಕು. ಕೈಗೆ ಬಟ್ಟೆ ಸುತ್ತಿಕೊಂಡು, ದೋಣಿಯಿಂದ ನನ್ನನ್ನು ಕಿತ್ತುಕೊಂಡು ನೇರವಾಗಿ ಕಾಶಿಬಾಯಿಯ ಅಂಗಡಿಗೆ ಬಂದ. ವೈರನ್ನು ಬೇಕೆಂದೇ ತಪ್ಪಾಗಿ ಬೆಸೆದಿದ್ದೀಯ ಎಂದ. ಅವಳು ಬಾಯಿ ತೆರೆಯುವ ಮೊದಲೇ ಎಡಗೈಯಲ್ಲಿ ನನ್ನನ್ನು ಎತ್ತಿ ಅವಳ ಮುಖಕ್ಕೆ ಬೀಸಿದ. ನನ್ನ ಉಕ್ಕಿನ ಅಂಚು ಅವಳ ಹಣೆ ಸೀಳಿತು. ಬಿಸಿ ರಕ್ತ ನನ್ನ ತಂತಿಗಳೊಳಗೆ ಇಳಿಯಿತು. ಯಾರ ಮೇಲೂ ಸಿಟ್ಟಿರದ ನಾನು ಆ ದಿನ ಕಲ್ಲಾಗಿದ್ದೆ.

ಹಣೆಗೆ ಆರು ಹೊಲಿಗೆ ಬಿದ್ದವು. ಗೌಡನ ಎದುರು ಸಾಕ್ಷಿ ಹೇಳುವವರು ಸಿಗಲಿಲ್ಲ. ಹೊಲಿಗೆ ಬಿಚ್ಚಿದ ಮರುದಿನ ಕಾಶಿಬಾಯಿ, ಗೌಡ ಅಲ್ಲೇ ಎಸೆದುಹೋಗಿದ್ದ ನನ್ನನ್ನು ತೊಳೆದು, ಸುಟ್ಟ ತಂತಿ ಕಿತ್ತು, ಹೊಸದನ್ನು ತಾನೇ ಸುತ್ತಿದಳು.

ಅವಳಿಗೆ ದೋಣಿ ಆಟಕ್ಕೆ ಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಅದೇ ಕ್ವಾರಿಯ ನೀರಿನ ನಡುವೆ, ಡ್ರಮ್ಮುಗಳ ಮೇಲೆ ತೇಲುವ ಪಂಪಿಗೆ ಹಗ್ಗ ಕಟ್ಟಲು ಅವಳ ಗಂಡ ಮೌನೇಶ ಈಜಿ ಹೋಗಿದ್ದ. ಕೇಬಲ್ಲಿನಿಂದ ನೀರಿಗೆ ಕರೆಂಟು ಹರಿದಿತ್ತು. ಎಳೆದು ತಂದಾಗ ಅವನ ಬೆರಳುಗಳು ಹಗ್ಗದ ಸುತ್ತ ಬಿಗಿದೇ ಇದ್ದವು, ಒಂದೊಂದಾಗಿ ಬಿಡಿಸಬೇಕಾಯಿತು. ಇನ್ನು ಯಾರೂ ಹಗ್ಗ ಹಿಡಿದು ಈಜಬಾರದು ಎಂದು ಅವಳು ಹಟ ಹಿಡಿದಿದ್ದಳು. ಹಗ್ಗ ಒಯ್ದು ಪಂಪಿಗೆ ಸಿಕ್ಕಿಸುವ ಕೊಕ್ಕೆಯಿದ್ದ, ಮೂರು ಅಡಿ ಉದ್ದದ ಅಗಲ ದೋಣಿ ಕಟ್ಟಿ, ಅದರ ತಳದಲ್ಲಿ ಬೇಗ ಹೊತ್ತಿಕೊಳ್ಳದ ಜಾತಿಯ ಲಿಥಿಯಂ ಬ್ಯಾಟರಿ ಇಟ್ಟಳು. ತೂಕ ಹೆಚ್ಚಲ್ಲವೇ ಎಂದು ಮೈದುನ ಚಂದ್ರಾಚಾರಿ ಕೇಳಿದಾಗ, ಎಳೆಯುವ ದೋಣಿಯ ತಳ ಭಾರವಾಗಿಯೇ ಇರಬೇಕು, ಇಲ್ಲದಿದ್ದರೆ ಹಗ್ಗವೇ ಅದನ್ನು ಮಗುಚುತ್ತದೆ ಎಂದಳು. ನನಗೆ ಅಂಗೈಯಗಲದ ಪಂಖ ತೊಡಿಸಿದಳು. ಮೊದಲ ಸಲ ನಾನು ನನ್ನ ಗತಿಯಲ್ಲೇ ತಿರುಗಿದೆ. ಬೆವರಲಿಲ್ಲ, ಹೊಗೆಯಾಡಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಅವಳೂ ಚಂದ್ರಾಚಾರಿಯೂ ಪಂಪಿಗೆ ಹಗ್ಗ ಕಟ್ಟಲು ನನ್ನನ್ನು ಕ್ವಾರಿಗೆ ತಂದಿದ್ದರು. ವಾರದ ಮಳೆಗೆ ಹೊಂಡದ ಗೋಡೆ ನೆನೆದು ಬಿರುಕು ಬಿಟ್ಟಿತ್ತು. ಮೇಲೆ ಗೌಡನ ಕ್ರೇನ್ ಕಲ್ಲು ಎತ್ತುತ್ತಿತ್ತು. ಇದ್ದಕ್ಕಿದ್ದಂತೆ ಅಂಚು ಕುಸಿಯಿತು. ಕ್ರೇನು, ಅದನ್ನು ನಡೆಸುತ್ತಿದ್ದ ಹುಲಿಗೆಪ್ಪ, ಪಕ್ಕದಲ್ಲಿ ನಿಂತು ಬೈಯುತ್ತಿದ್ದ ಗೌಡ, ಎಲ್ಲವೂ ಕಲ್ಲುಗಳ ಜೊತೆ ಹೊಂಡಕ್ಕೆ ಬಿದ್ದವು. ಎದ್ದ ಅಲೆ ದಂಡೆಯ ಜನರನ್ನು ಕೆಡವಿತು.

ಅಲೆ ತಗ್ಗಿದಾಗ ಬಿದ್ದ ಇಬ್ಬರೂ ಕಂಡರು. ಗೌಡನ ಎಡಗಾಲು ಎರಡು ಬಂಡೆಗಳ ನಡುವೆ ಸಿಕ್ಕಿತ್ತು, ನೀರು ಎದೆಯವರೆಗೆ. ಇನ್ನೂ ಆಚೆ, ಮುಳುಗಿದ ಕ್ರೇನಿನ ಉಕ್ಕಿನ ಹಗ್ಗಕ್ಕೆ ಹುಲಿಗೆಪ್ಪ ಜೋತುಬಿದ್ದಿದ್ದ. ತಲೆ ಒಡೆದು ಮುಖವೆಲ್ಲ ಕೆಂಪು. ಗೋಡೆಯಿಂದ ಎಮ್ಮೆಗಾತ್ರದ ಕಲ್ಲುಗಳು ಉದುರುತ್ತಲೇ ಇದ್ದವು. ಈಜಲು ಹೊರಟ ಒಬ್ಬನ ಭುಜವನ್ನು ಚೂಪು ಕಲ್ಲೊಂದು ಮುರಿದು ಹಿಂದಕ್ಕೆ ಕೆಡವಿತು. ಆಮೇಲೆ ಯಾರೂ ಇಳಿಯಲಿಲ್ಲ.

ಕಾಶಿಬಾಯಿ ಪಂಪಿನ ಕರೆಂಟು ತೆಗೆಸಿದಳು. ಟ್ರ್ಯಾಕ್ಟರ್ ಚಕ್ರದ ಟ್ಯೂಬಿಗೆ ಹಗ್ಗ ಕಟ್ಟಿ, ಟ್ಯೂಬನ್ನು ದೋಣಿಯ ಕೊಕ್ಕೆಗೆ ಸಿಕ್ಕಿಸಿ ನೀರಿಗೆ ಬಿಟ್ಟಳು. ನೆನೆದ ಹಗ್ಗದ ಭಾರಕ್ಕೆ ನನ್ನ ಮೈ ನಡುಗಿತು. ದೋಣಿ ಗೌಡನ ಹತ್ತಿರ ಬಂದಾಗ ಅವನು ಕೈ ಚಾಚಿದ. ಅವಳ ರಿಮೋಟಿಗೆ ಚುಕ್ಕಾಣಿ ತಿರುಗಿತು. ದೋಣಿ ಅವನನ್ನು ಬಳಸಿ ಮುಂದೆ ಹೋಯಿತು. ಅವನು ಕೂಗಿದ್ದು ಬೈಗುಳವೋ ಬೇಡಿಕೆಯೋ, ಕಲ್ಲು ಬೀಳುವ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

ಹುಲಿಗೆಪ್ಪ ಟ್ಯೂಬಿಗೆ ತೋಳು ತೂರಿಸಿ, ಅವಳು ಕೂಗಿ ಹೇಳಿದಂತೆ ಕೊಕ್ಕೆ ಬಿಡಿಸಿದ. ಜನ ಅವನನ್ನು ಎಳೆದುಕೊಂಡರು. ನಾನು ಹಿಂದಿರುಗುವಾಗ ಕಲ್ಲೊಂದು ದೋಣಿಯ ಅಂಚನ್ನು ಹರಿದು ಪಂಖದ ಒಂದು ಎಸಳು ಮುರಿಯಿತು.

ಚಂದ್ರಾಚಾರಿ ಎರಡನೆಯ ಟ್ಯೂಬು ಹಿಡಿದು ನಿಂತಿದ್ದ. ಅದನ್ನು ಕೊಡಲಿಲ್ಲ. ಅವಳ ಹಣೆಯ ಗಾಯದ ಗುರುತನ್ನೇ ನೋಡುತ್ತ, "ಸಾಕು ಬಿಡು ವೈನಿ. ದೋಣಿ ಮುರದೈತಿ," ಎಂದ.

"ಟ್ಯೂಬ್ ಕೊಡು," ಎಂದಳು ಕಾಶಿಬಾಯಿ.

ಮುರಿದ ಪಂಖದಲ್ಲಿ ನಾನು ಅಡ್ಡಾದಿಡ್ಡಿ ಅದುರುತ್ತ ಹೋದೆ. ಬೇರಿಂಗು ಪುಡಿಯಾಯಿತು. ದೋಣಿಗೆ ನೀರು ನುಗ್ಗಿತು. ಗೌಡ ಟ್ಯೂಬು ಹಿಡಿದಾಗ, ಕಾಲು ಹಿಡಿದ ಬಂಡೆಗಳು ಕುಸಿಯುತ್ತ ಹೋಗಿ ನೀರು ಅವನ ಗದ್ದಕ್ಕೆ ಬಂದಿತ್ತು. ಹತ್ತು ಜನ ಹಗ್ಗ ಜಗ್ಗಿದರು. ಕಾಲು ಸುಲಭಕ್ಕೆ ಬರಲಿಲ್ಲ. ಎಲುಬು ಮುರಿದ ಸದ್ದು ನೀರಿನೊಳಗಿದ್ದ ನನಗೇ ಮೊದಲು ಕೇಳಿಸಿತು. ಕೊಕ್ಕೆ ಬಿಡಿಸದೆ ಇದ್ದುದರಿಂದ ಅವನ ಹಿಂದೆಯೇ ನಾನೂ ದಂಡೆಗೆ ಬಂದೆ.

ಹುಲಿಗೆಪ್ಪ ಬದುಕಿದ. ಗೌಡನೂ ಬದುಕಿದ, ಮೊಣಕಾಲಿನ ಕೆಳಗೆ ಕಾಲಿಲ್ಲದೆ. ನಾಲ್ಕು ತಿಂಗಳ ಮೇಲೆ ಊರುಗೋಲು ಹಿಡಿದು ಅಂಗಡಿಗೆ ಬಂದ. ಹೊಸ್ತಿಲಲ್ಲೇ ನಿಂತು ಕೇಳಿದ: "ನನ್ನ ದಾಟಿ ಅವನ ಕಡೆ ಹೋತಲ್ಲ ದೋಣಿ. ಹಣೀಗೆ ಹೊಡದ ಸಿಟ್ಟಿಗೇನು?"

ಕಾಶಿಬಾಯಿ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಅವನ ಕೈ ಜಾರಾಕತ್ತಿತ್ತು. ನೀ ಕಲ್ಲಿಗೆ ಸಿಕ್ಕಿದ್ದಿ, ಎಲ್ಲಿ ಹೋಗ್ತಿದ್ದಿ? ಸಿಟ್ಟು ಇತ್ತು, ಈಗೂ ಐತಿ. ಅವತ್ತು ಅದನ್ನ ಕೇಳ್ಕೊಂತ ಕೂಡಾಕ ಹೊತ್ತಿರಲಿಲ್ಲ."

ಗೌಡ ತಲೆ ತಗ್ಗಿಸಲೂ ಇಲ್ಲ, ಕ್ಷಮೆ ಕೇಳಲೂ ಇಲ್ಲ. ಊರುಗೋಲು ತಿರುಗಿಸಿಕೊಂಡು ಮೆಟ್ಟಿಲಿಳಿದು ಹೋದ. ಅವಳೂ ತಡೆಯಲಿಲ್ಲ.

ಈಗ ನಾನು ಅಂಗಡಿಯ ಮೇಲಿನ ಹಲಗೆಯಲ್ಲಿದ್ದೇನೆ. ಅಚ್ಚು ಸೊಟ್ಟಗಾಗಿದೆ, ಅಯಸ್ಕಾಂತಗಳಿಗೆ ತುಕ್ಕು ಹಿಡಿದಿದೆ. ಕೆಳಗೆ ಅವಳು ಬೇರೆ ಕ್ವಾರಿಗಳಿಗಾಗಿ ಹೊಸ ದೋಣಿಗಳನ್ನು ಕಟ್ಟುತ್ತಾಳೆ. ಹಗ್ಗದ ತುದಿಯಲ್ಲಿ ಯಾರಿದ್ದರೂ ನನಗೆ ಒಂದೇ ಆಗಿತ್ತು. ತಿಳಿಯುತ್ತಿದ್ದುದು ಭಾರ ಮಾತ್ರ. ನನ್ನ ಕೆಲಸ ಸುಲಭದ್ದಾಗಿತ್ತು. ಅವಳಿಗೆ ಇಬ್ಬರ ಮುಖವೂ ಕಾಣುತ್ತಿತ್ತು.