ಬೊಗಸೆಯಲ್ಲಿ ನಿಲ್ಲದ ನೀರು

"ಕುಡದ ಬಂದೀಯೇನಲೇ ಸೂಳಿಮಗನ? ಶುಂಠಿ ಊರಾಕತ್ತೀಯೋ, ಕೋಳಿಗಿ ಕಾಳು ಚೆಲ್ಲಾಕತ್ತೀಯೋ?"

ಬದುವಿನ ಮೇಲೆ ಛತ್ರಿ ಹಿಡಿದು ನಿಂತ ಮಹಾರುದ್ರಪ್ಪನ ಮಾತಿಗೆ ನರಸಿಂಗ ತಲೆ ಎತ್ತಲಿಲ್ಲ. ಎತ್ತಲು ಕುತ್ತಿಗೆ ಬಿಡುತ್ತಿರಲಿಲ್ಲ. ಬಲಗೈ ನಡುಗಿ, ಬಿತ್ತನೆಯ ಶುಂಠಿ ತುಂಡುಗಳು ಮಡಿಯ ಹೊರಗೆ ಬಿದ್ದಿದ್ದವು. ಹೆಂಡತಿ ದ್ರೌಪತಿ ಓಡಿಬಂದು ಆರಿಸತೊಡಗಿದಳು.

"ಕುಡದಿಲ್ಲರಿ ಸಾವಕಾರ್ರ. ನಡುಗೋ ಬ್ಯಾನಿ ಅದು. ಪಾರ್ಕಿನ್ಸನ್ ಅಂತ ಹುಮನಾಬಾದದ ಡಾಕ್ಟರ್ ಹೇಳ್ಯಾರ."

"ಹೆಸರು ಭಾರಿ ಅದ. ದೊಡ್ಡವರ ಬ್ಯಾನಿ ನಿಮ್ಮ ಓಣಿಗಿ ಹ್ಯಾಂಗ ಬಂತು?"

ಸಾಲಿನಲ್ಲಿ ಬಗ್ಗಿದ್ದ ಹೆಣ್ಣಾಳುಗಳಲ್ಲಿ ಒಬ್ಬಿಬ್ಬರು ನಕ್ಕರು. ನಗದಿದ್ದರೆ ನಾಳೆ ಕೆಲಸವಿಲ್ಲ.

ದುಬಲಗುಂಡಿಯಲ್ಲಿ ಈ ಸಲ ಶಿವರಾತ್ರಿಗೇ ನೆತ್ತಿ ಸುಡತೊಡಗಿತ್ತು. ರಾತ್ರಿಯಾದರೂ ಗೋಡೆ ತಣಿಯುತ್ತಿರಲಿಲ್ಲ. ಗಂಡನನ್ನು ಮನೆಯಲ್ಲಿ ಬಿಟ್ಟು ಬರೋಣವೆಂದರೆ ತಗಡಿನ ಸೂರು. ಮಧ್ಯಾಹ್ನ ಅದರ ಕೆಳಗೆ ನಾಯಿಯೂ ಮಲಗದು. ಅದಕ್ಕೇ ಜೊತೆಗೆ ಕರೆತರುತ್ತಿದ್ದಳು. ಮೊದಮೊದಲು ಅವನ ಕೈ ಮಾತ್ರ ನಡುಗುತ್ತಿತ್ತು. ಈಗ ಬಿಸಿಲು ಏರಿದಂತೆ ಮೈಯ ಬೆವರೆಲ್ಲ ಬಸಿದುಹೋಗಿ, ಕಾಲುಗಳು ಹೂತ ಕಂಬದಂತೆ ನೆಲ ಕಚ್ಚುತ್ತಿದ್ದವು. ಗುಳಿಗೆ ಹೊತ್ತು ತಪ್ಪಬಾರದು, ಮೇಲೆ ತುಂಬ ನೀರು ಕುಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ನೀರಿಲ್ಲದಿದ್ದರೆ ಗುಳಿಗೆ ಗಂಟಲಲ್ಲೇ ಕೂರುತ್ತದೆ, ಕಾಲು ಬಿಡುವುದಿಲ್ಲ.

ಮನೆಯಿಂದ ತಂದ ಬಾಟಲಿ ಆಗಲೇ ಖಾಲಿಯಾಗಿತ್ತು. ಮಧ್ಯಾಹ್ನ ಸಾವಕಾರನ ಮಗ ಶಿವರಾಜ ತುಂಬಿದ ಕೊಡ, ಹೊಯ್ಯಲು ಹಿತ್ತಾಳೆಯ ಚೆರಗಿ ತಂದ. ಆಳುಗಳು ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು ಬೊಗಸೆ ಒಡ್ಡಿದರು. ಈ ಹೊಲದಲ್ಲಿ ಅವರ ಓಣಿಯವರು ಕೊಡ ಮುಟ್ಟುವುದಿಲ್ಲ. ಮೇಲಿನಿಂದ ಹೊಯ್ದದ್ದನ್ನು ಕುಡಿಯುತ್ತಾರೆ.

ನರಸಿಂಗನಿಗೆ ಕೂರಲಾಗಲಿಲ್ಲ. ನಿಂತೇ ಕೈ ಒಡ್ಡಿದ. ದ್ರೌಪತಿ ಅವನ ನಾಲಿಗೆಯ ಮೇಲೆ ಗುಳಿಗೆ ಇಟ್ಟಳು. ಬಿದ್ದ ನೀರು ನಡುಗುವ ಬೊಗಸೆಯಲ್ಲಿ ನಿಲ್ಲದೆ ಮೊಣಕೈಗುಂಟ ಇಳಿದು ನೆಲ ಸೇರಿತು.

"ನೆಟ್ಟಗ ಹಿಡಿಯೋ," ಎಂದು ಶಿವರಾಜ ಮತ್ತೆ ಹೊಯ್ದ. ಮತ್ತೆ ಅಷ್ಟೇ.

"ಸಾಕ್ ಬಿಡು ಅವಗ," ಎಂದ ಮಹಾರುದ್ರಪ್ಪ. "ಬೋರೆಲ್ಲಾ ಬತ್ತಿ ಒಂದ ಉಳದದ. ಅದರ ನೀರ ಇವ ಚೆಲ್ಲಿದ್ರ ಶುಂಠಿಗಿ ನಾ ಉಚ್ಚಿ ಹೊಯ್ಲೇನು?"

"ನನ್ನ ಪಾಲಿಂದು ಹೊಯ್ರಿ," ಎಂದು ದ್ರೌಪತಿ ತನ್ನ ಬೊಗಸೆ ಒಡ್ಡಿದಳು. ತುಂಬಿದ್ದನ್ನು ಗಂಡನ ಬಾಯಿಗೆ ಒಯ್ದಳು. ಅವನ ಗದ್ದ ಅದುರಿ ಅವಳ ಕೈಗೆ ಬಡಿಯಿತು. ನೀರು ಅವನ ಎದೆಯ ಮೇಲೆ ಚೆಲ್ಲಿತು. ಗುಳಿಗೆ ಒಣ ನಾಲಿಗೆಗೆ ಅಂಟಿಕೊಂಡೇ ಇತ್ತು.

"ನೋಡಪ್ಪಾ, ಗಂಡಗ ಜಳಕಾ ಮಾಡ್ಸಾಕತ್ತಾಳ," ಎಂದ ಶಿವರಾಜ.

ಅವಳು ಅವನ ಕೈಯಿಂದ ಚೆರಗಿ ಕಸಿದುಕೊಂಡಳು. ಕೊಡದಲ್ಲಿ ಅದ್ದಿ ತುಂಬಿ, ನರಸಿಂಗನ ತಲೆಯನ್ನು ಹಿಂದಿನಿಂದ ಹಿಡಿದು, ಅಂಚನ್ನು ಅವನ ತುಟಿಗೆ ಒತ್ತಿದಳು. ಹಿತ್ತಾಳೆಗೆ ಹಲ್ಲು ಕಟಕಟ ಬಡಿದವು. ಒಂದು ಗುಟುಕು ಇಳಿಯಿತು. ಇನ್ನೊಂದು. ಉಳಿದದ್ದು ಅವನ ಗದ್ದದಿಂದ ಸೋರಿಹೋಯಿತು.



"ರಂಡಿ, ಕೊಡಕ್ಕ ಕೈ ಹಾಕಿದೇನು?"

ಮಹಾರುದ್ರಪ್ಪ ಬದುವಿನಿಂದ ಇಳಿದು ಬಂದು ಕೊಡಕ್ಕೆ ಒದ್ದ. ಅದು ಉರುಳಿತು. ಇನ್ನೂ ಕುಡಿಯದವರು ಬೊಗಸೆ ಒಡ್ಡಿಕೊಂಡೇ ನೋಡಿದರು. ಬಿರಿದ ನೆಲ ನೀರನ್ನು ಹೀರಿ ಮುಗಿಸಿತು, ಕೆಸರೂ ಆಗಲಿಲ್ಲ.

ದ್ರೌಪತಿ ಖಾಲಿ ಚೆರಗಿ ಹಿಡಿದು ಹೊಲದಂಚಿನ ಸಿಮೆಂಟ್ ಟಾಕಿಯತ್ತ ನಡೆದಳು. ಉಳಿದಿದ್ದ ಒಂದೇ ಬೋರಿನ ನೀರೆಲ್ಲ ಅದರಲ್ಲಿತ್ತು. ಶುಂಠಿಗೆ ಹೋಗುವುದು ಅಲ್ಲಿಂದಲೇ.

"ಟಾಕಿ ಮುಟ್ಟಿದ್ರ ಕೈ ಕಡೀತೀನಿ, ನೋಡು."

ಅವಳು ತೋಳನ್ನು ಭುಜದವರೆಗೆ ಮುಳುಗಿಸಿದಳು. ಮುಳುಗಿಸಿ, ಅಲ್ಲೇ ಇಟ್ಟುಕೊಂಡು ತಿರುಗಿ ನೋಡಿದಳು.

"ಇದನ್ನೂ ಚೆಲ್ರಿ, ಸಾವಕಾರ್ರ."

ಅವನು ಟಾಕಿಯನ್ನು ನೋಡಿದ, ಶುಂಠಿ ಮಡಿಗಳನ್ನು ನೋಡಿದ. ಹೊಲದ ನಡುವೆ ನರಸಿಂಗ ಬಾಯಿ ತೆರೆದು ನಿಂತೇ ಇದ್ದ. ಕಾಲು ಇನ್ನೂ ಬಿಟ್ಟಿರಲಿಲ್ಲ.